ಮದ್ಯ ಮತ್ತು ಮಿದುಳಿನ ಅಯಾನು ನಾಳಗಳು

ಕಳ್ಳು, ಸಾರಾಯಿ, ಬ್ರಾಂದಿ ಮೊದಲಾಗಿ ಹೆಸರು ಏನೇ ಇರಲಿ, ಮದ್ಯಗಳೆಲ್ಲವುಗಳ ಸಾರವಾದ ಈಥೈಲ್ ಆಲ್ಕೋಹಾಲು ಬರಿಯ ಒಂಬತ್ತು ಪರಮಾಣುಗಳ ಪುಟ್ಟ ಅಣುವಾದ ಕಾರಣ, ಕುಡಿದ ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಮಿದುಳನ್ನು ಹೊಕ್ಕು, ಅಲ್ಲಿನ ನರಕೋಶಗಳ ಪೊರೆಯಲ್ಲಿ ನೆಲೆಗೊಂಡ ಅಯಾನು ನಾಳಗಳ ನಡೆಯನ್ನು ಮಾರ್ಪಡಿಸುತ್ತದೆ. ಅಮಲು, ತೊದಲು, ತೂರಾಟ, ಮರೆವು, ನಿದ್ದೆ ಇವೆಲ್ಲಕ್ಕೂ ಬಹುಮಟ್ಟಿಗೆ ಇದೇ ಮೂಲ.

ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆಯಂತೆ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಬಯಲುಸೀಮೆಯ ಊರುಗಳವರಿಗೆ ಈ ನಾಳವನ್ನು ತಿಳಿಯಹೇಳಲು ತೂಬಿಗಿಂತ ಹತ್ತಿರದ ಉಪಮಾನ ಬೇಕಿಲ್ಲ. ಏರಿಯ ಒಂದು ಬದಿಯಲ್ಲಿ ನೀರು ಒತ್ತರಿಸಿ ನಿಂತಿರುವಂತೆ, ಕೋಶಪೊರೆಯ ಹೊರಗೆ ಸೋಡಿಯಂ ಮತ್ತು ಕ್ಲೋರೈಡು, ಒಳಗೆ ಪೊಟ್ಯಾಸಿಯಂ ದಟ್ಟವಾಗಿ ನಿಂತಿರುತ್ತವೆ. ಪೊರೆಯ ಇಕ್ಕೆಲಗಳ ನಡುವೆ ಸುಮಾರು 70 ಮಿಲಿವೋಲ್ಟಿನ ವಿದ್ಯುದಂತರವಿರುತ್ತದೆ. ನೀರುಗಂಟಿ ಬಂದು ತೂಬೆತ್ತಿದೊಡನೆ ನೀರು ನುಗ್ಗುವ ಹಾಗೆಯೇ, ನರವಾಹಕವೆಂಬ ರಾಸಾಯನಿಕವು ಬಂದು ತಾಗಿದೊಡನೆ ಕೆಲವು ನಾಳಗಳು ತೆರೆದುಕೊಳ್ಳುತ್ತವೆ. ಇನ್ನು ಕೆಲವು ವಿದ್ಯುದಂತರದ ಏರಿಳಿತಕ್ಕೇ ತೆರೆಯುತ್ತವೆ. ಇಂಥ ಅಯಾನನ್ನು ಬಿಡಬೇಕು, ಇಂಥದನ್ನು ತಡೆಯಬೇಕು ಎಂಬ ವಿವೇಚನೆ ಮಾತ್ರ ಊರ ತೂಬಿಗಿಲ್ಲದ್ದು, ಇವುಗಳಿಗಿರುವುದು.

ಮದ್ಯವು ಕೆಡಿಸುವುದು ಏರಿಯನ್ನೋ ತೂಬನ್ನೋ ಎಂಬ ಪ್ರಶ್ನೆ ಬಹುಕಾಲ ತೀರ್ಮಾನವಾಗದೆ ಉಳಿದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೇಯರ್ ಮತ್ತು ಓವರ್ಟನ್ ಎಂಬ ವಿಜ್ಞಾನಿಗಳು, ಮಂಪರು ತರುವ ದ್ರವ್ಯಗಳ ಶಕ್ತಿಯು ಅವು ಕೊಬ್ಬಿನಲ್ಲಿ ಕರಗುವ ಪ್ರಮಾಣಕ್ಕೆ ಅನುಗುಣವಾಗಿರುವುದನ್ನು ಕಂಡುಕೊಂಡದ್ದರಿಂದ, ಕೊಬ್ಬಿನ ಪೊರೆಯೇ ಸಡಿಲಗೊಳ್ಳುವುದೆಂಬ ಮತವು ಪ್ರಬಲವಾಯಿತು. 1976ರಲ್ಲಿ ನೇಹರ್ ಮತ್ತು ಸಾಕ್ಮನ್ ಒಂಟಿ ನಾಳದೊಳಗೆ ಹರಿಯುವ ವಿದ್ಯುತ್ತನ್ನು ಅಳೆಯುವ ಉಪಾಯವನ್ನು ಪ್ರಕಟಿಸಿದ ಮೇಲೆ ವಿಚಾರದ ದಿಕ್ಕು ಬದಲಾಯಿತು. ಈ ಕಾರ್ಯಕ್ಕೆ ಅವರು 1991ರ ನೊಬೆಲ್ ಪಾರಿತೋಷಕವನ್ನು ಪಡೆದರು. ಕಡೆಗೆ 1997ರಲ್ಲಿ, ನಾಳದ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿದರೂ ಮದ್ಯದ ಪ್ರಭಾವ ಅಲ್ಲಿ ನಡೆಯದೆಹೋಗುವುದನ್ನು ಮಿಹಿಕ್ ಮತ್ತು ಸಂಗಡಿಗರು ತೋರಿಸಿದರು. ದೋಷವು ಏರಿಯಲ್ಲಲ್ಲ, ತೂಬಿನಲ್ಲಿಯೇ ಎಂಬ ಪಕ್ಷಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ದೊರೆಯುವುದು ಕಷ್ಟ.

ಮದ್ಯವು ತಾನಾಗಿ ಹೊಸ ತೂಬನ್ನೇನೂ ಕೊರೆಯುವುದಿಲ್ಲ. ಇದ್ದವುಗಳಲ್ಲಿ ಕೆಲವನ್ನು ಹೆಚ್ಚು ಹೊತ್ತು ತೆರೆದಿರಿಸುತ್ತದೆ, ಕೆಲವನ್ನು ಅದುಮಿಡುತ್ತದೆ. ಗಾಬಾ ಎಂಬ ನರವಾಹಕಕ್ಕೆ ಓಗೊಡುವ ಕ್ಲೋರೈಡು ನಾಳಗಳೂ ಗ್ಲೈಸೀನಿನ ನಾಳಗಳೂ ಮದ್ಯದ ಸಹವಾಸದಲ್ಲಿ ಹೆಚ್ಚು ಹರಿಯುವುದರಿಂದ ನರಕೋಶವು ಶಾಂತವಾಗುತ್ತದೆ. ನರಕೋಶವನ್ನು ಪ್ರಚೋದಿಸುವ ಗ್ಲುಟಮೇಟಿನ ಎನ್‌ಎಂಡಿಎ ನಾಳಗಳು ಮದ್ಯದಿಂದ ಕುಗ್ಗುವುದನ್ನು 1989ರಲ್ಲಿಯೇ ಲವಿಂಜರ್, ವೈಟ್ ಮತ್ತು ವೇಟ್ ತೋರಿಸಿದ್ದರು. ನೆನಪು ಬೇರೂರುವುದಕ್ಕೆ ಈ ನಾಳವೇ ಆಧಾರವಾದುದರಿಂದ, ಮಿತಿಮೀರಿ ಕುಡಿದವನು ರಾತ್ರಿ ಜಗಲಿಯ ಮೇಲೆ ಕುಳಿತು ಆಡಿದ ಮಾತು ಬೆಳಗ್ಗೆ ಅವನಿಗೇ ಅಪರಿಚಿತವಾಗಿರುತ್ತದೆ. ಪೊಟ್ಯಾಸಿಯಂ ನಾಳಗಳಲ್ಲಿ ಕೆಲವನ್ನೂ ಮದ್ಯವು ತೆರೆಯಿಸುತ್ತದೆ: ಅಂಥ ಒಂದು ನಾಳದ ಜೀನು ಕೆಟ್ಟ ಸೂಕ್ಷ್ಮ ದುಂಡುಹುಳುವಿಗೆ ಅಮಲೇ ಸರಿಯಾಗಿ ಏರದೆಂಬುದು 2003ರಲ್ಲಿ ತಿಳಿದುಬಂದಿತು. ಇವೆಲ್ಲಕ್ಕೆ ಬೇಕಾದ ಪ್ರಮಾಣವು ಒಂದೇ ಅಲ್ಲ. ಭಾರತದಲ್ಲಿ ವಾಹನ ಚಾಲಕನಿಗೆ ಕಾನೂನು ವಿಧಿಸಿರುವ ಮಿತಿ, 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಇಷ್ಟು ಅಲ್ಪದಲ್ಲಿ ಯಾವ ಗಾಬಾ ನಾಳಗಳು ವಿಚಲಿತವಾಗುತ್ತವೆಂಬುದರ ಬಗೆಗೆ ವಿದ್ವಾಂಸರ ವಿವಾದ ಇನ್ನೂ ಮುಗಿದಿಲ್ಲ.

 

ನಿತ್ಯವೂ ಕುಡಿಯುವವನ ಮಿದುಳು ಸುಮ್ಮನೆ ಕೂರುವುದಿಲ್ಲ. ಶಮನದ ಗಾಬಾ ನಾಳಗಳ ಸಂವೇದನೆಯನ್ನು ತಗ್ಗಿಸಿ, ಪ್ರಚೋದನೆಯ ಎನ್‌ಎಂಡಿಎ ಹಾಗೂ ಕ್ಯಾಲ್ಸಿಯಂ ನಾಳಗಳನ್ನು ಹೆಚ್ಚಿಸಿಕೊಂಡು, ಮದ್ಯವಿದ್ದಾಗಲೇ ಸಮತೋಲ ಕಾಣುವಂತೆ ತನ್ನನ್ನು ಒಗ್ಗಿಸಿಕೊಳ್ಳುತ್ತದೆ; ಮೊದಲು ಎರಡು ಲೋಟಕ್ಕೆ ಏರುತ್ತಿದ್ದುದು ಈಗ ನಾಲ್ಕಕ್ಕೂ ಏರುವುದಿಲ್ಲ. ಅಂಥವನು ಹರಕೆಯ ನಿಮಿತ್ತವೋ ಕೈಯಲ್ಲಿ ಕಾಸಿಲ್ಲದೆಯೋ ಥಟ್ಟನೆ ಕುಡಿತ ಬಿಟ್ಟಲ್ಲಿ, ಅದುಮಿಟ್ಟ ಪ್ರಚೋದನೆಯೆಲ್ಲವೂ ಒಮ್ಮೆಗೇ ನುಗ್ಗುತ್ತದೆ. ಬೆಳಗಿನ ಚಹದ ಲೋಟ ತುಟಿಗೆ ಮುಟ್ಟುವಷ್ಟರಲ್ಲಿ ಅರ್ಧ ತುಳುಕಿಹೋಗುವಂತಹ ನಡುಕ ಮೊದಲ ಲಕ್ಷಣ. ಎರಡು ದಿನಗಳೊಳಗೆ ಸೆಳವು ಬರಬಹುದು. ಎರಡರಿಂದ ನಾಲ್ಕನೆಯ ದಿನದ ವೇಳೆಗೆ, ಇಲ್ಲದ ಹುಳುಹುಪ್ಪಟೆಗಳನ್ನು ಮೈಮೇಲಿಂದ ಕೊಡವುತ್ತ ಬಡಬಡಿಸುವ ಸನ್ನಿ ಹಿಡಿಯಬಹುದು. ಇದನ್ನು ಗಾಳಿ ಸೋಂಕೆಂದು ಭ್ರಮಿಸಿ ತಾಯಿತ ಕಟ್ಟಿಸಲು ಹೊರಟು ಕಾಲಹರಣ ಮಾಡಿದರೆ ಪ್ರಾಣಕ್ಕೇ ಸಂಚಕಾರ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವೂ ಸೇರಿದಂತೆ ಎಲ್ಲೆಡೆಯೂ ವೈದ್ಯರು ಇದಕ್ಕೆ ಕೊಡುವ ಡಯಜೆಪಾಂ, ಲೋರಜೆಪಾಂ ಮುಂತಾದ ಔಷಧಗಳು ಮದ್ಯವು ತಟ್ಟುತ್ತಿದ್ದ ಆ ಗಾಬಾ ನಾಳಗಳನ್ನೇ ತಟ್ಟುತ್ತವೆ. ಜೊತೆಗೆ ಥಯಾಮಿನ್ ಜೀವಸತ್ವವನ್ನು ಚುಚ್ಚಿ, ಮಿದುಳು ತನ್ನ ತೂಬುಗಳನ್ನು ತಾನೇ ಹತೋಟಿಗೆ ತಂದುಕೊಳ್ಳುವವರೆಗೆ ಔಷಧದ ಪ್ರಮಾಣವನ್ನು ದಿನದಿನಕ್ಕೆ ಇಳಿಸುತ್ತ ಬರುತ್ತಾರೆ.