ಜರ್ಮನ್ ಪ್ಯಾರಾಟ್ರೂಪರ್ ಹೆಲ್ಮೆಟ್‌ಗಳ ಸಂಗ್ರಹ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಪ್ಯಾರಾಟ್ರೂಪರ್‌ಗಳು ಧರಿಸುತ್ತಿದ್ದ ಉಕ್ಕಿನ ಹೆಲ್ಮೆಟ್‌ಗಳನ್ನು ಗುರುತಿಸಿ, ಪರೀಕ್ಷಿಸಿ, ಕಾಪಿಡುವ ಹವ್ಯಾಸ. ಕಾಲಾಳುಗಳ ಹೆಲ್ಮೆಟ್‌ಗಳು ಲಕ್ಷಗಟ್ಟಲೆ ತಯಾರಾದವು. ಪ್ಯಾರಾಟ್ರೂಪರ್ ಹೆಲ್ಮೆಟ್‌ಗಳಾದರೋ ವಾಯುಪಡೆಯ ಅಧೀನದಲ್ಲಿದ್ದ ಒಂದು ಸಣ್ಣ ಪಡೆಗಷ್ಟೇ ಮೀಸಲಾಗಿದ್ದವು. ವಿರಳವಾದ್ದರಿಂದ ಬೆಲೆ ಏರಿತು, ಬೆಲೆಯ ಹಿಂದೆಯೇ ನಕಲಿಗಳೂ ಬಂದವು.

ಪ್ಯಾರಾಟ್ರೂಪರ್‌ಗಳ ತರಬೇತಿ ಶಾಲೆ 1936ರಲ್ಲಿ ಸ್ಟೆಂಡಾಲ್‌ನಲ್ಲಿ ಶುರುವಾಯಿತು. ಆಗ ಸೇನೆಯಲ್ಲಿದ್ದ 1935ರ ಮಾದರಿಯ ಹೆಲ್ಮೆಟ್‌ನ ಅಂಚು ಕಿವಿ ಮತ್ತು ಕತ್ತಿನ ಮೇಲೆ ಹೊರಚಾಚಿಕೊಂಡಿತ್ತು. ಜರ್ಮನ್ ಪ್ಯಾರಾಚೂಟಿನ ಹಗ್ಗಗಳು ಸೈನಿಕನ ಬೆನ್ನ ಹಿಂದೆ ಒಂದೇ ಕಡೆ ಸೇರುತ್ತಿದ್ದವು. ವಿಮಾನದಿಂದ ತಲೆ ಮುಂದಾಗಿ ಧುಮುಕಿದವನು ನೆಲಕ್ಕೆ ಮುಂಗೈ, ಮೊಣಕಾಲುಗಳ ಮೇಲೆ ಬೀಳುತ್ತಿದ್ದ. ಚಾಚಿದ ಅಂಚು ಹಗ್ಗಕ್ಕೆ ಸಿಕ್ಕಿಬೀಳುವ, ಕತ್ತಿಗೆ ಪೆಟ್ಟು ಕೊಡುವ ಅಪಾಯವಿದ್ದುದರಿಂದ ಅದನ್ನು ಮೊಟಕುಗೊಳಿಸಲಾಯಿತು. ಒಳಗೆ ರಬ್ಬರ್ ಮೆತ್ತೆ ಮತ್ತು ಚರ್ಮದ ಪದರ, ಹೊರಗೆ ಎರಡು ಕವಲಾಗಿ ಕತ್ತಿನ ಹಿಂದಕ್ಕೂ ಹೋಗುವ ಗಲ್ಲಪಟ್ಟಿ ಬಂದವು.

ಈ ಆರಂಭದ ಎರಡು ಮೂರು ವರ್ಷಗಳ ವಿಷಯದಲ್ಲೇ ಸಂಗ್ರಹಕಾರರಲ್ಲಿ ಒಮ್ಮತವಿಲ್ಲ. 1936 ಮತ್ತು 1937ರ ಮಾದರಿಗಳೆಂದು ಕರೆಯಲಾಗುವ ಹೆಲ್ಮೆಟ್‌ಗಳ ನಡುವೆ ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಒಬ್ಬೊಬ್ಬ ಲೇಖಕ ಒಂದೊಂದು ರೀತಿ ಹೇಳುತ್ತಾನೆ. ಕೆಳ ಅಂಚಿನ ಬಳಿ ಸೀಳಿರುವ ಆ ಕಾಲದ ಉಕ್ಕಿನ ಚಿಪ್ಪುಗಳು ಉಳಿದಿರುವುದು ಅತಿ ಕಡಿಮೆ. ಆದ್ದರಿಂದ ಹೆಸರಿಗಿಂತ ಚಿಪ್ಪಿನ ರಚನೆಯನ್ನೇ ಆಧಾರವಾಗಿಟ್ಟುಕೊಳ್ಳುವುದು ಸುರಕ್ಷಿತ. ಸೀಳಿಲ್ಲದ 1938ರ ಮಾದರಿಯ ಬಗ್ಗೆ ಇಂಥ ಗೊಂದಲವಿಲ್ಲ. ಅದರ ಚಿಪ್ಪಿನ ಒಳಗೆ ಥಾಲೆ ಊರಿನ ಉಕ್ಕಿನ ಕಾರ್ಖಾನೆಯ ‘ಇಟಿ’ ಅಚ್ಚು ಮತ್ತು 66, 68, 71 ಎಂಬ ಅಳತೆಗಳಲ್ಲೊಂದು ಕಾಣುತ್ತದೆ. ಒಳಪದರದ ಚರ್ಮದ ಮೇಲೆ ಬರ್ಲಿನ್‌ನ ಕಾರ್ಲ್ ಹೈಸ್ಲರ್ ಸಂಸ್ಥೆಯ ಹೆಸರಿರುತ್ತದೆ.

ಅಂಟುಚಿತ್ರಗಳದ್ದು ಇನ್ನೊಂದು ತಗಾದೆ. ಎಡಬದಿಯಲ್ಲಿ ವಾಯುಪಡೆಯ ಹದ್ದು, ಬಲಬದಿಯಲ್ಲಿ ಮೂರು ಬಣ್ಣಗಳ ಗುರಾಣಿ ಇರುತ್ತಿದ್ದವು. ಗುರಾಣಿಯನ್ನು ತೆಗೆಯುವ ಆದೇಶ 1940ರಲ್ಲಿ, ಹದ್ದನ್ನು ಕೈಬಿಡುವ ಆದೇಶ 1943ರಲ್ಲಿ ಬಂತು. ಎರಡೂ ಚಿತ್ರಗಳಿರುವ ಹೆಲ್ಮೆಟನ್ನು ಕಂಡೊಡನೆ 1940ಕ್ಕಿಂತ ಹಿಂದಿನದೆನ್ನುವುದು ರೂಢಿ. ಆದರೆ ಆದೇಶ ಹೊರಟ ದಿನವೇ ಎಲ್ಲ ಹೆಲ್ಮೆಟ್‌ಗಳೂ ಬದಲಾಗಲಿಲ್ಲ. ಹಳೆಯವನ್ನು ಕೆಲವರು ಕೆರೆದರು, ಕೆಲವರು ಮೇಲೆ ಬಣ್ಣ ಬಳಿದರು. ಹಾಗಾಗಿ ಆದೇಶದ ವರ್ಷವೊಂದನ್ನೇ ನಂಬಿ ಕಾಲ ನಿರ್ಣಯಿಸಬಾರದು.

ಈ ಹೆಲ್ಮೆಟ್ ಧರಿಸಿದ ಪಡೆಯ ಯುದ್ಧದ ಕಥೆ ಪ್ರಸಿದ್ಧವೇ. 1940ರ ಮೇ 10ರಂದು ಬೆಲ್ಜಿಯಂನ ಎಬನ್-ಎಮಾಲ್ ಕೋಟೆಯ ಮೇಲೆ ದಾಳಿ, 1941ರ ಮೇ 20ರಿಂದ ಕ್ರೀಟ್ ದ್ವೀಪದ ಮೇಲೆ ದಾಳಿ, 1944ರಲ್ಲಿ ಇಟಲಿಯ ಮಾಂಟೆ ಕ್ಯಾಸಿನೊ ಕದನ. ಕ್ರೀಟ್‌ನ ಭಾರೀ ಸಾವುನೋವಿನ ನಂತರ ಈ ಪಡೆ ಹೆಚ್ಚಾಗಿ ನೆಲದ ಮೇಲೆಯೇ ಹೋರಾಡಿತು. ಕ್ಯಾಸಿನೊದಲ್ಲಿ ಅದರ ಎದುರಾಳಿಗಳಲ್ಲಿ ನಾಲ್ಕನೆಯ ಭಾರತೀಯ ಡಿವಿಷನ್ ಕೂಡ ಇತ್ತು. ಮಿತ್ರಪಡೆಗಳ ಸೈನಿಕರು ನೆನಪಿಗಾಗಿ ಮನೆಗೆ ಒಯ್ದ ಹೆಲ್ಮೆಟ್‌ಗಳೇ ಮುಂದಿನ ಸಂಗ್ರಹಗಳ ಮೂಲ.

ವಿವರಗಳನ್ನು ಪುಸ್ತಕವಾಗಿ ಕಲೆಹಾಕುವ ಕೆಲಸ 1970ರ ದಶಕದಲ್ಲಿ ಬಲಗೊಂಡಿತು. ಜರ್ಮನ್ ಹೆಲ್ಮೆಟ್‌ಗಳ ಬಗ್ಗೆ ಲುಡ್ವಿಗ್ ಬೇರ್ ಬರೆದದ್ದನ್ನು ಸಂಗ್ರಹಕಾರರು ಈಗಲೂ ತಿರುವಿಹಾಕುತ್ತಾರೆ. ಅಸಲಿ ಯಾವುದೆಂದು ಕಲಿಸುವ ಚಿತ್ರಗಳೇ ನಕಲಿ ಮಾಡುವವರಿಗೂ ಪಾಠವಾದವು. ಈ ಹವ್ಯಾಸದ ಚರಿತ್ರೆಯಲ್ಲಿ ನಿಜವಾದ ತಿರುವು ಇದೇ. ಅಂದಿನಿಂದ ಮುಖ್ಯ ಪ್ರಶ್ನೆ ಹೆಲ್ಮೆಟ್ ಎಲ್ಲಿ ಸಿಗುತ್ತದೆ ಎಂಬುದಲ್ಲ, ಸಿಕ್ಕಿದ್ದು ಅಸಲಿಯೇ ಎಂಬುದು. ಸಾಮಾನ್ಯ ಹೆಲ್ಮೆಟ್‌ನ ಅಂಚು ಕತ್ತರಿಸಿ ಪ್ಯಾರಾಟ್ರೂಪರ್ ಮಾದರಿಯಂತೆ ತಿದ್ದುವುದು, ಅಸಲಿ ಚಿಪ್ಪಿಗೆ ಹೊಸ ಒಳಪದರ ಕೂಡಿಸುವುದು, ಅಸಲಿ ಚಿಪ್ಪಿನ ಮೇಲೆಯೇ ಮರೆಮಾಚುವ ಬಣ್ಣ ಬಳಿದು ನಾರ್ಮಂಡಿ ಕದನದ್ದೆಂದು ಮಾರುವುದು ಇವೆಲ್ಲ ಬಳಕೆಗೆ ಬಂದವು. ಮೂರನೆಯದನ್ನು ಕಂಡುಹಿಡಿಯುವುದೇ ಕಷ್ಟ, ಏಕೆಂದರೆ ಉಕ್ಕು, ಚರ್ಮ, ಅಚ್ಚು ಎಲ್ಲವೂ ನಿಜ.

ಮಾರಾಟಕ್ಕೆ ಕಾನೂನಿನ ತೊಡಕೂ ಇದೆ. ಹದ್ದಿನ ಕಾಲಲ್ಲಿರುವ ಸ್ವಸ್ತಿಕವನ್ನು ಸಾರ್ವಜನಿಕವಾಗಿ ತೋರಿಸುವುದು ಜರ್ಮನಿಯಲ್ಲಿ ಅಪರಾಧ. ಶಿಕ್ಷಣ, ಸಂಶೋಧನೆ, ಕಲೆಯಂಥ ಉದ್ದೇಶಗಳಿಗೆ ವಿನಾಯಿತಿ ಉಂಟು. ಅಲ್ಲಿನ ಹರಾಜು ಪಟ್ಟಿಗಳ ಚಿತ್ರಗಳಲ್ಲಿ ಸ್ವಸ್ತಿಕವನ್ನು ಮರೆಮಾಡುವುದೂ ಉಂಟು. ಇಬೇ ಜಾಲತಾಣ 2001ರಲ್ಲಿ ನಾಜಿ ಚಿಹ್ನೆಗಳುಳ್ಳ ವಸ್ತುಗಳ ಮಾರಾಟವನ್ನು ನಿಷೇಧಿಸಿತು.

ಪರೀಕ್ಷಕರು ಈಗ ಭೂತಗನ್ನಡಿಯ ಜೊತೆ ನೇರಳಾತೀತ ಬೆಳಕನ್ನೂ ಬಳಸುತ್ತಾರೆ. ಹೊಸ ಅಂಟು, ಹೊಸ ಬಣ್ಣ ಅನೇಕ ವೇಳೆ ಅದರಡಿ ಬೇರೆಯಾಗಿ ಹೊಳೆಯುತ್ತವೆ. ಒಳಪದರವನ್ನು ಹಿಡಿದಿಡುವ ಬೋಲ್ಟಿನ ತಲೆಯ ಮೇಲಿನ ಬಣ್ಣ ಚಿಪ್ಪಿನ ಬಣ್ಣದೊಡನೆ ಒಂದೇ ರೀತಿ ಸವೆದಿದೆಯೇ, ಬೋಲ್ಟನ್ನು ಎಂದಾದರೂ ಬಿಚ್ಚಿದ ಗುರುತಿದೆಯೇ ಎಂದು ನೋಡುತ್ತಾರೆ. ಈ ಕಾರಣಕ್ಕೇ ಅನುಭವಿಗಳು ಹೆಲ್ಮೆಟನ್ನು ತೊಳೆಯುವುದಿಲ್ಲ, ಬಿಚ್ಚಿ ಜೋಡಿಸುವುದಿಲ್ಲ, ಹರಿದ ಚರ್ಮಕ್ಕೆ ಹೊಲಿಗೆ ಹಾಕುವುದಿಲ್ಲ. ತುಕ್ಕು ಹಿಡಿದರೂ ಯಾರೂ ಕೈಹಾಕದ ಹೆಲ್ಮೆಟ್‌ಗೆ ಚೊಕ್ಕಟವಾಗಿ ದುರಸ್ತಿಯಾದುದಕ್ಕಿಂತ ಹೆಚ್ಚು ಬೆಲೆ ಸಿಗುತ್ತದೆ.