ಕೋಡಿಮಠದಲ್ಲಿ ಉಳಿದವರು

ಶಿರಾಳಕೊಪ್ಪದ ಮಗ್ಗುಲಲ್ಲೇ ಇರುವ ಬಳ್ಳಿಗಾವಿಗೆ ಬಂದವರು ಕೇದಾರೇಶ್ವರ ಗುಡಿಯ ನುಣುಪು ಕಂಬಗಳನ್ನು ಸವರಿ, ಒಂದು ಫೋಟೋ ಹಿಡಿದು ಹೊರಡುತ್ತಾರೆ. ಇಲ್ಲಿ ಜನ ವಾಸವಿದ್ದರು, ಓದುತ್ತಿದ್ದರು, ಜ್ವರ ಬಂದು ಮಲಗುತ್ತಿದ್ದರು ಎಂಬುದು ಹೊಳೆಯುವುದೇ ಇಲ್ಲ. ಹೊಳೆಯುವುದಾದರೂ ಹೇಗೆ? ದೇವರ ಮನೆ ಉಳಿದಿದೆ, ಮನುಷ್ಯರ ಮನೆ ಹೋಗಿದೆ.

ಹೋದದ್ದರ ಹೆಸರು ಕೋಡಿಯ ಮಠ. ಕೆರೆಯ ಹೆಚ್ಚುವರಿ ನೀರು ಹರಿದುಹೋಗುವ ಕೋಡಿಯ ಬಳಿ ಇತ್ತು, ವಿಳಾಸವೇ ಹೆಸರಾಯಿತು. ಕಾಳಾಮುಖ ಶೈವರದು. ಬನವಾಸಿ ಹನ್ನೆರಡು ಸಾವಿರವೆಂಬ ನಾಡಿನ ರಾಜಧಾನಿಯಾಗಿದ್ದ ಈ ಊರಿನಲ್ಲಿ ಆಗ ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲರಿಗೂ ಠಾವಿತ್ತು. 1065ರಲ್ಲಿ ಒಂದು ಬೌದ್ಧ ವಿಹಾರವೇ ಎದ್ದಿತ್ತು.

ಮಠದ ಒಳಗನ್ನು ನಮಗೆ ತೋರಿಸುವುದು 1162ರ ಶಾಸನ. ಕಲ್ಯಾಣದಲ್ಲಿ ಕಳಚುರಿ ಬಿಜ್ಜಳ, ಇಲ್ಲಿ ಆಚಾರ್ಯ ವಾಮಶಕ್ತಿ. ಬಿ.ಎಲ್. ರೈಸ್ 1902ರಲ್ಲಿ ಅಚ್ಚು ಮಾಡಿಸಿದ ಎಪಿಗ್ರಾಫಿಯ ಕರ್ನಾಟಿಕದ ಏಳನೇ ಸಂಪುಟದಲ್ಲಿದೆ. ನಾಲ್ಕು ವೇದ, ಪಾಣಿನಿಯ ಮತ್ತು ಶಾಕಟಾಯನನ ವ್ಯಾಕರಣ, ನ್ಯಾಯ, ಮೀಮಾಂಸೆ, ಸಾಂಖ್ಯ, ಯೋಗ, ಪುರಾಣ, ಕಾವ್ಯ, ನಾಟಕ ಎಂದು ಪಾಠಪಟ್ಟಿ ಬೆಳೆಯುತ್ತದೆ. ನಡುವೆ ಬೌದ್ಧ ದರ್ಶನವೂ ಬರುತ್ತದೆ. ಶೈವ ಮಠದಲ್ಲಿ ಎದುರಾಳಿಯ ಪಾಠ! ವಾದಕ್ಕೆ ಇಳಿಯುವವನಿಗೆ ಅದು ಬೇಕೇ ಬೇಕಲ್ಲ.

ನನಗೆ ಹೆಚ್ಚು ಹಿಡಿಸುವುದು ಅದೇ ಶಾಸನದಲ್ಲಿ ಬರುವ, ಊಟ ಯಾರಿಗೆ ಎಂಬ ಪಟ್ಟಿ. ಬಡವರು, ಅನಾಥರು, ಕುಂಟರು, ಕುರುಡರು, ಕಿವುಡರು. ಹಾಡುವವರು, ಮದ್ದಳೆ ಬಾರಿಸುವವರು, ಕೊಳಲು ನುಡಿಸುವವರು, ಕುಣಿಯುವವರು. ಜೈನ ಕ್ಷಪಣಕರು, ಏಕದಂಡಿ ತ್ರಿದಂಡಿ ಸನ್ಯಾಸಿಗಳು. ನಾನಾ ದೇಶದ ಭಿಕ್ಷುಕರು. ರೋಗಿಗಳಿಗೆ ಔಷಧ ಬೇರೆ. ಎಷ್ಟು ಕೋಣೆ, ಎಷ್ಟು ಅಂಕಣ ಎಂದು ಬರೆಸುವುದಕ್ಕಿಂತ ಯಾರಿಗೆ ಅನ್ನ ಎಂದು ಬರೆಸುವುದು ಶಾಸನ ಹಾಕಿಸಿದವರಿಗೆ ಮುಖ್ಯವಾಗಿತ್ತು.

ಆ ಕೋಣೆಗಳು ಮಣ್ಣು ಮರದವೇ ಇದ್ದಿರಬೇಕು. ಶಿಕಾರಿಪುರ, ಸೊರಬದ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಾಡಿನ ಹೆಂಚು ಜಾರಿದ ಮನೆಯ ಗೋಡೆ ನಾಲ್ಕು ಮಳೆಗಾಲ ತಡೆಯುವುದಿಲ್ಲ. ಕೇದಾರೇಶ್ವರ ಗುಡಿಯಾದರೋ ಬಳಪದ ಕಲ್ಲಿನದು. ಮೂರು ಗರ್ಭಗುಡಿಗಳ ತ್ರಿಕೂಟ. ಎರಡರಲ್ಲಿ ಲಿಂಗ, ಉತ್ತರದ್ದರಲ್ಲಿ ವಿಷ್ಣು. ಕಂಬಗಳು ಚರಕಿಯಲ್ಲಿ ತಿರುಗಿಸಿ ಕಡೆದಂತೆ ದುಂಡಗೆ, ಬಳೆಬಳೆಯಾಗಿವೆ. ಶಿಖರದ ಮುಂದೆ ಹುಲಿಯೊಡನೆ ಹೋರಾಡುವ ಸಳ. ಹೊಯ್ಸಳರೂ ಬಂದು ತಮ್ಮ ಗುರುತು ಇಟ್ಟು ಹೋಗಿದ್ದಾರೆ.

ಮಂಟಪದ ಅಂಚಿಗೆ ಕಕ್ಷಾಸನವಿದೆ, ಬೆನ್ನು ಆನಿಸಲು ಓರೆಯಾಗಿ ಕಡೆದ ಕಲ್ಲುಜಗಲಿ. ಇಷ್ಟು ದೊಡ್ಡ ಕಟ್ಟಡದಲ್ಲಿ ಮನುಷ್ಯನ ಮೈಯಳತೆಗೆಂದೇ ಮಾಡಿದ್ದು ಅದೊಂದೇ ಉಳಿದಿರುವುದು. ನಡುಮಧ್ಯಾಹ್ನವೂ ತಣ್ಣಗಿರುತ್ತದೆ.