ಒಂದು ‘ಮಾತ್ರ’ಕ್ಕೆ 25 ವರ್ಷದ ಜಗಳ

ಚೆಕ್‌ನಲ್ಲಿ ಮೊತ್ತವನ್ನ ಅಕ್ಷರದಲ್ಲಿ ಬರೆದು ಕೊನೆಗೆ ‘ಮಾತ್ರ’ ಅಂತ ಸೇರಿಸ್ತೀವಿ. ಕಾಮರ್ಸ್ ಓದಿದ ನನಗೆ ಅದು ಅಭ್ಯಾಸ. ಇಲ್ಲಿಗೆ ಮುಗೀತು ಅಂತ ಅದರರ್ಥ. ಸಿ ಭಾಷೆಯಲ್ಲೂ ಇಂಥದ್ದೇ ಒಂದು ‘ಮಾತ್ರ’ ಇದೆ. ಇವತ್ತಿನ ಕಥೆ ಅದರದ್ದು.

1970ರ ದಶಕದ ಆರಂಭ, ಅಮೆರಿಕದ ಬೆಲ್ ಲ್ಯಾಬ್ಸ್. ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಸ್ಟ್ರಿಂಗ್, ಅಂದ್ರೆ ಅಕ್ಷರಗಳ ಸಾಲು, ಎಷ್ಟುದ್ದ ಅಂತ ಬರೆದಿಡೋದಿಲ್ಲ. ಕೊನೆಗೊಂದು ಸೊನ್ನೆ ಬೈಟ್, ಅಷ್ಟೇ. ನಕಲು ಮಾಡುವ ಸ್ಟ್ರ್‌ಕಾಪಿ ಫಂಕ್ಷನ್ ಆ ಸೊನ್ನೆ ಸಿಗುವ ತನಕ ಬರೀತಾನೇ ಇರುತ್ತೆ. ಜಾಗ ಸಾಲದಿದ್ರೆ ಪಕ್ಕದ ಮೆಮೊರಿಯನ್ನೂ ಅಳಿಸಿ ಬರೆಯುತ್ತೆ.

ಇಂಥ ಅಸಡ್ಡೆಯ ಬೆಲೆ ಗೊತ್ತಾಗಿದ್ದು 1988ರ ನವೆಂಬರ್ 2ರಂದು. ಅಳತೆಯನ್ನೇ ನೋಡದ ‘ಗೆಟ್ಸ್’ ಅನ್ನೋ ಇನ್ನೊಂದು ಫಂಕ್ಷನ್ ಇತ್ತು. 512 ಬೈಟ್ ಜಾಗಕ್ಕೆ 536 ಬೈಟ್ ತುರುಕಿ, ಮಾರಿಸ್ ವರ್ಮ್ ಸಾವಿರಾರು ಕಂಪ್ಯೂಟರ್‌ಗಳಿಗೆ ನುಗ್ಗಿತು. ಅದು ಬಳಸಿದ ದಾರಿಗಳಲ್ಲಿ ಇದೂ ಒಂದು.

ಅಳತೆ ಕೇಳುವ ಸ್ಟ್ರ್‌ಎನ್‌ಕಾಪಿ ಆಗಲೇ ಇತ್ತಲ್ಲ? ಇತ್ತು. ಆದ್ರೆ ಅದು ಹುಟ್ಟಿದ್ದು ಯುನಿಕ್ಸ್‌ನ 14 ಬೈಟ್‌ಗಳ ಫೈಲ್ ಹೆಸರಿನಂಥ ನಿಗದಿತ ಖಾನೆಗಳಿಗೆ. ಜಾಗ ಭರ್ತಿಯಾದ್ರೆ ಕೊನೆಯ ಸೊನ್ನೆಯನ್ನೇ ಬಿಟ್ಟುಬಿಡುತ್ತೆ. ‘ಮಾತ್ರ’ ಇಲ್ಲದ ಚೆಕ್!

1998ರಲ್ಲಿ ಓಪನ್‌ಬಿಎಸ್‌ಡಿಯ ಟಾಡ್ ಮಿಲ್ಲರ್, ಥಿಯೋ ಡಿ ರಾಡ್ಟ್ ಸ್ಟ್ರ್‌ಎಲ್‌ಕಾಪಿ ತಂದ್ರು. ಜಾಗ ಎಷ್ಟೇ ಇರಲಿ, ಸೊನ್ನೆ ಖಾತ್ರಿ. ಕೆಲವೇ ಸಾಲಿನ ಕೋಡ್. ಆದ್ರೂ ಲಿನಕ್ಸ್‌ನ ಮುಖ್ಯ ಸಿ ಲೈಬ್ರರಿ ಜಿಲಿಬ್‌ಸಿ ಬೇಡ ಅಂತು.

ಅವರ ವಾದ ಹಟ ಮಾತ್ರ ಆಗಿರಲಿಲ್ಲ. ‘ಹತ್ತು ಸಾವಿರ’ ಹಿಡಿಸಲಿಲ್ಲ ಅಂತ ‘ಹತ್ತು ಮಾತ್ರ’ ಬರೆದ್ರೆ? ಚೆಕ್ ಸರಿಯಾಗೇ ಕಾಣುತ್ತೆ, ಮೊತ್ತ ತಪ್ಪು. ತುಂಡಾಯ್ತು ಅಂತ ಪತ್ತೆಹಚ್ಚೋಕೆ ಸ್ಟ್ರ್‌ಎಲ್‌ಕಾಪಿ ಮೂಲದ ಉದ್ದವನ್ನ ವಾಪಸ್ ಕೊಡುತ್ತೆ, ನಿಜ. ಆದ್ರೆ ಪ್ರೋಗ್ರಾಮರ್ ಅದನ್ನ ನೋಡಬೇಕಲ್ಲ! ಜೊತೆಗೆ ಆ ಉದ್ದ ಲೆಕ್ಕಹಾಕೋಕೆ ಅದು ಮೂಲವನ್ನ ಪೂರ್ತಿ ಓದುತ್ತೆ. ಅಲ್ಲೇ ಸೊನ್ನೆ ಇಲ್ಲದಿದ್ರೆ ಓದು ಎಲ್ಲೆ ಮೀರುತ್ತೆ.

ಅದಕ್ಕೇ 2015ರಲ್ಲಿ ಲಿನಕ್ಸ್ ಕರ್ನಲ್‌ಗೆ ಸ್ಟ್ರ್‌ಎಸ್‌ಕಾಪಿ ಬಂತು. ಬೇಕಾದಷ್ಟೇ ಓದುತ್ತೆ, ತುಂಡಾದ್ರೆ ನೇರವಾಗಿ ಎರರ್ ಕೊಡುತ್ತೆ.

ತಮಾಷೆ ನೋಡಿ. 2023ರಲ್ಲಿ ಜಿಲಿಬ್‌ಸಿ ಕೊನೆಗೂ ಸ್ಟ್ರ್‌ಎಲ್‌ಕಾಪಿಯನ್ನ ಒಳಗೆ ಬಿಟ್ಟುಕೊಳ್ತು. 2024ರಲ್ಲಿ ಕರ್ನಲ್ ಅದನ್ನೇ ಹೊರಗೆ ಹಾಕಿತು.

ಜಗಳ ನಾಲ್ಕು ಸಾಲಿನ ಕೋಡ್‌ಗಲ್ಲ. ಮಾತು ಅರ್ಧಕ್ಕೇ ತುಂಡಾದಾಗ ಅದನ್ನ ಹೇಳಬೇಕಾದವರು ಯಾರು ಅನ್ನೋದಕ್ಕೆ. ನಿಮ್ಮ ಕೈಲಿರೋದು ಆಂಡ್ರಾಯ್ಡ್ ಫೋನ್ ಆದ್ರೆ, ಅದರೊಳಗಿರೋದೂ ಲಿನಕ್ಸ್ ಕರ್ನಲ್ಲೇ. ಮುಂದಿನ ವಾರ ಸಿಗೋಣ.